ಕೊನೆಯ ಹದಿನಾರು ಪುಟ

ಪುಸ್ತಕ ಹೊಲಿಯುವವಳು ಪುಸ್ತಕ ಓದುತ್ತ ಕೂತರೆ ಅಂಗಡಿಗೆ ಬೀಗ ಹಾಕಬೇಕಾಗುತ್ತದೆ. ಹೊಸಪೇಟೆಯಲ್ಲಿ ಜೆರಾಕ್ಸ್, ಬೈಂಡಿಂಗ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು, ನಾನು ಕಲಿತ ಬುದ್ಧಿ ಇದೊಂದೇ. ಬಂದ ಪುಸ್ತಕ ಬಿಚ್ಚಬೇಕು, ಫಾರಂ ಎಣಿಸಬೇಕು, ಹೊಲಿದು ಮೈದಾ ಅಂಟು ಬಳಿದು ರಟ್ಟು ಹಾಕಬೇಕು, ಮೇಲೊಂದು ಕಲ್ಲು ಹೇರಿ ಒಣಗಲು ಬಿಡಬೇಕು. ಒಳಗೆ ಪುರಾಣವಿದ್ದರೆ ನನಗೇನು, ಪಂಚಾಯಿತಿ ವರದಿಯಿದ್ದರೆ ನನಗೇನು! ಗಿರಾಕಿಗಳು ನನ್ನನ್ನು ಗಂಟುಮೋರೆ ದೇವಿಕಾ ಅನ್ನುತ್ತಾರಂತೆ. ಅನ್ನಲಿ. ಹೊಲಿಗೆ ಗಟ್ಟಿಯಿದ್ದರೆ ಮೋರೆ ಯಾರು ನೋಡುತ್ತಾರೆ?

ಹೋದ ತಿಂಗಳು ಕಮಲಾಪುರದ ಕಡೆಯ ಒಂದು ಗ್ರಂಥಾಲಯದಿಂದ ಎರಡು ಗೋಣಿಚೀಲ ಹಳೆಯ ಪುಸ್ತಕ ಬಂದವು. ಗೆದ್ದಲು ತಿಂದು ಬಿಟ್ಟದ್ದು, ಇಲಿ ತಿಂದು ಬಿಟ್ಟದ್ದು. ಎರಡನೆಯ ಚೀಲಕ್ಕೆ ಕೈ ಹಾಕಿ ಒಂದನ್ನು ಎಳೆದೆ. ಮುಖಪುಟದ ಮೇಲೆ ಒಂದು ಗುಡ್ಡ, ಮುರಿದ ಮಂಟಪ, ಕಂಬಳಿ ಹೊದ್ದು ಲಾಂದ್ರ ಹಿಡಿದ ಒಬ್ಬ ಕುಂಟ. ‘ಮಾತಂಗ ಗುಡ್ಡದ ಲಾಂದ್ರ: ಮಕ್ಕಳ ಪತ್ತೇದಾರಿ ಸಾಹಸ ಕಾದಂಬರಿ’.

ಸೀದಾ ಕೊನೆಗೆ ತಿರುಗಿಸಿದೆ. ಚಿಕ್ಕಂದಿನಲ್ಲಿ ಊರಲ್ಲಿ ನಾನು ಓದಿದ್ದ ಪ್ರತಿ ನೂರ ಇಪ್ಪತ್ತೆಂಟನೆಯ ಪುಟಕ್ಕೆ ಮುಗಿಯುತ್ತಿತ್ತು, ‘ಅಷ್ಟರಲ್ಲಿ ಕುಂಟನು ಲಾಂದ್ರವನ್ನು ಮೇಲೆತ್ತಿ’ ಎಂಬಲ್ಲಿಗೆ, ಅರ್ಧ ವಾಕ್ಯಕ್ಕೆ. ಫಾರಂ ಅಂದರೆ ಹದಿನಾರು ಪುಟದ ಒಂದು ಮಡಿಕೆ. ಕೊನೆಯ ಫಾರಂ ಹೊಲಿಗೆ ಬಿಟ್ಟು ಎಲ್ಲೋ ಬಿದ್ದುಹೋಗಿತ್ತು. ಈ ಪ್ರತಿಯಲ್ಲಿ ಅದು ಇತ್ತು.

ಅವತ್ತು ಓದಲಿಲ್ಲ. ಪುಸ್ತಕವನ್ನು ಅಂಟಿನ ಡಬ್ಬಿಯ ಹಿಂದೆ ಇಟ್ಟು ಬಾಗಿಲು ಹಾಕಿ ಮನೆಗೆ ಹೋದೆ.

ನಾನು ಹುಟ್ಟಿ ಬೆಳೆದದ್ದು ಕಂಪ್ಲಿ ಹತ್ತಿರದ ಎಮ್ಮಿಗನೂರಿನಲ್ಲಿ. ಅಲ್ಲಿ ಉಚ್ಚೆಂಗಪ್ಪ ಎಂಬ ನೀರಗಂಟಿ ಇದ್ದ. ಕಾಲುವೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಭತ್ತದ ಕಾಲದಲ್ಲಿ ಹಗಲೂ ರಾತ್ರಿ ಬದುವಿನ ಮೇಲೇ ಇರುತ್ತಿದ್ದ. ಹುಟ್ಟಿನಿಂದ ಒಂದು ಕಾಲು ಸಣ್ಣದು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಲಾಂದ್ರ. ನಾನು ಅವನನ್ನು ಮಾವ ಅನ್ನುತ್ತಿದ್ದೆ.

ಆ ಪುಸ್ತಕ ತಂದವನೂ ಅವನೇ. ಕಂಪ್ಲಿ ಸಂತೆಯ ಗುಜರಿಯಲ್ಲಿ ಮುಖಪುಟ ನೋಡಿ ಕೊಂಡು ತಂದಿದ್ದ. ಓದಲು ಬಾರದು. ನನಗೆ ಆಗ ಹನ್ನೊಂದು ವರ್ಷ, ಸಿಕ್ಕಿದ ಪೊಟ್ಟಣದ ಕಾಗದವನ್ನೂ ಓದುವ ಹುಡುಗಿ.

“ನನ್ನಂಗ ಒಬ್ಬ ಕುಂಟ ಅದಾನ ನೋಡವ್ವಾ ಇದರಾಗ,” ಎಂದು ಹಲ್ಲು ಬಿಟ್ಟಿದ್ದ. “ಏನ್ ಬರದಾರ, ಓದು. ಕೇಳಾನ.”

ಶಾಲೆ ಬಿಟ್ಟ ಮೇಲೆ ತೂಬಿನ ಕಟ್ಟೆಯ ಮೇಲೆ ಕೂತು ಓದಿದೆ. ರಜೆಗೆಂದು ಹಂಪಿಗೆ ಬಂದ ಮೂವರು ಮಕ್ಕಳು, ಕಳುವಾದ ಒಂದು ವಿಗ್ರಹ, ದಿನವೂ ಗುಡ್ಡದ ಮೇಲೆ ಲಾಂದ್ರ ಹಿಡಿದು ಓಡಾಡುವ ಕುಂಟ, ಹುಣಸೆ ಮರದ ಕೆಳಗೆ ಅವನು ಹೂತ ಕಬ್ಬಿಣದ ಪೆಟ್ಟಿಗೆ. ಅಬ್ಬಬ್ಬಾ, ಏನು ಹುಚ್ಚು ಹಿಡಿಸಿತ್ತು ಆ ಕಥೆ! ಮೂರು ಸಲ ಓದಿದೆವು. ಮೂರು ಸಲವೂ ಕೊನೆಯ ಪುಟಕ್ಕೆ ಬಂದಾಗ ಜಗಳ.

“ಕುಂಟನ ಕಳ್ಳ,” ಎನ್ನುತ್ತಿದ್ದೆ ನಾನು.

“ಏ ಹುಚ್ಚವ್ವ, ಕಳ್ಳಾದಾವ ಲಾಂದ್ರ ಹಚ್ಕಂಡು ತಿರುಗ್ತಾನೇನು? ಕಳ್ಳಗ ಕತ್ಲ ಬೇಕು. ದೀಪ ಹಿಡದಾವ ಕಾಯಾಂವ ಇರ್ತಾನ.”

“ನೀನೂ ಕುಂಟ ಅಂತ ಅವನ ಕಡಿ ಮಾತಾಡ್ತಿ!”

ಅವನು ನಗುತ್ತಿದ್ದ. “ಕೊನಿ ಹಾಳಿ ಸಿಗಲಿ, ನೋಡಾನಂತ,” ಅನ್ನುತ್ತಿದ್ದ. ಪ್ರತಿ ಸಂತೆಗೂ ಹೋಗಿ ಆ ಹಾಳೆಗಳನ್ನು ಹುಡುಕುತ್ತಿದ್ದನಂತೆ, ಪಾಪ.

ಆ ವರ್ಷ ಊರಿನ ದೊಡ್ಡ ಮನೆಯ ದುರ್ಗಕ್ಕನ ಬಂಗಾರದ ಬೋರಮಾಳ ಸರ ಕಾಣೆಯಾಯಿತು. ಪೊಲೀಸರು ಬಂದರೆ ಮನೆಯ ಮರ್ಯಾದೆ ಹೋಗುತ್ತದೆಂದು ಗಡಿಯಾಚೆಯಿಂದ ಗಾದಿಲಿಂಗ ಎಂಬ ಅಂಜನದವನನ್ನು ಕರೆಸಿದರು. ವೀಳ್ಯದೆಲೆಗೆ ಕಪ್ಪು ಸವರಿ ಮಗುವಿನ ಕೈಗೆ ಕೊಡುತ್ತಾರೆ, ಆ ಕಪ್ಪಿನಲ್ಲಿ ಕಳ್ಳ ಕಾಣುತ್ತಾನೆ. ಎಲ್ಲರಿಗೂ ಕಾಣುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಗಷ್ಟೇ ಕಾಣುವುದು. ಊರಲ್ಲಿ ಹಾಗೆ ಹುಟ್ಟಿದ ಮಗು ನಾನೊಬ್ಬಳೇ. ನಮ್ಮವ್ವ ರೇಣುಕಮ್ಮನಿಗೆ ಎಲ್ಲಿಲ್ಲದ ಹೆಮ್ಮೆ.

ತಲೆಗೆ ಎಣ್ಣೆ ಹಾಕಿ ಎರೆದರು. ದುರ್ಗಕ್ಕ ಹೊಸ ಲಂಗ ಉಡಿಸಿದಳು. ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದರು. ನಮ್ಮ ಮನೆಯವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ಹೆಂಗಸರು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಎಲಿಯಾಗ ನೋಡವ್ವಾ, ಕಸ ಹೊಡ್ಯಾಂವ ಬಂದನಾ?” ಎಂದ ಗಾದಿಲಿಂಗ. “ನೀರು ಚಳೆ ಹೊಡದ್ರಾ? ಕುರ್ಚಿ ಹಾಕಿದ್ರಾ?”

ಎಲೆಯಲ್ಲಿ ನನಗೆ ಕಂಡದ್ದು ನನ್ನ ಮೂಗು. ಅಂಗಳದ ತುಂಬ ಜನ ಉಸಿರು ಹಿಡಿದಿದ್ದರು. ಗಾದಿಲಿಂಗನ ಬೆರಳು ನನ್ನ ಕತ್ತನ್ನು ಒತ್ತುತ್ತಿತ್ತು. ಹೂಂ ಅಂದೆ. ಪ್ರತಿಯೊಂದಕ್ಕೂ ಹೂಂ ಅಂದೆ.

“ಈಗ ಕಳ್ಳ ಬರ್ತಾನ. ಹೆಂಗದಾನ ಹೇಳವ್ವಾ.”

ಏನಾದರೂ ಹೇಳಲೇಬೇಕಿತ್ತು. ಬಾಯಲ್ಲಿ ಒಂದೇ ಒಂದು ಕಥೆ ಸಿದ್ಧವಿತ್ತು.

“ಕಂಬಳಿ ಹೊದ್ದಾನ,” ಎಂದೆ. “ಲಾಂದ್ರ ಹಿಡದಾನ. ಕುಂಟ್ತಾನ. ಹುಣಸಿ ಮರದ ಕೆಳಗ ಪೆಟ್ಟಿಗಿ ಹೂಳಾಕತ್ಯಾನ.”

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಉಚ್ಚೆಂಗಪ್ಪ ಮಾವ ಇರಲಿಲ್ಲ. ಮುಖಪುಟದ ಕುಂಟ ಇದ್ದ. ಅಂಗಳದಲ್ಲಿ ಗದ್ದಲ ಎದ್ದು, ಗಂಡಸರು ಕಾಲುವೆಯ ಕಡೆ ಓಡಿದ ಮೇಲೆ ನನಗೆ ಅರ್ಥವಾಯಿತು.

ಅವನನ್ನು ಎಳೆದು ತಂದು ದುರ್ಗಕ್ಕನ ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟಿದರು. ಬಾಯಲ್ಲಿ ಆಗಲೇ ರಕ್ತ. ನನ್ನ ಮಾತನ್ನು ಯಾರೋ ಅವನಿಗೆ ಒಪ್ಪಿಸಿದರು: ಕಂಬಳಿ, ಲಾಂದ್ರ, ಪೆಟ್ಟಿಗೆ. ಕೇಳುತ್ತಿದ್ದಂತೆ ಅವನ ಮುಖ ಅರಳಿತು. ನಿಜ ಹೇಳುತ್ತೇನೆ, ನಕ್ಕ.

“ಅಯ್ಯ, ಅದು ಪುಸ್ತಕದ ಕತಿ ರೀ! ನಾನೂ ಆಕೀನೂ ಓದಿದ್ದು. ದೇವಿಕಾ, ಹೇಳವ್ವಾ. ಹೋಗು, ಪುಸ್ತಕ ತಂದು ತೋರ್ಸು.”

ಇಡೀ ಅಂಗಳ ನನ್ನ ಕಡೆ ತಿರುಗಿತು.

“ಯಾವ ಪುಸ್ತಕ?” ಎಂದಳು ನಮ್ಮವ್ವ.

“ಯಾವ ಪುಸ್ತಕನೋ, ನಂಗೊತ್ತಿಲ್ಲ,” ಎಂದೆ.

ಹೆದರಿ ಹಾಗಂದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಹೆದರಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಆ ಮಣೆಯಿಂದ ಇಳಿಯಲು ನನಗೆ ಮನಸ್ಸಿರಲಿಲ್ಲ. ಕಾಲು ಮುಟ್ಟಿಸಿಕೊಂಡ ಹುಡುಗಿ ಸುಳ್ಳಿ ಅನ್ನಿಸಿಕೊಳ್ಳಲು ಸಿದ್ಧಳಿರಲಿಲ್ಲ. ಥೂ ನನ್ನ ಜನ್ಮಕ್ಕೆ.

“ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕಂಡ್ನಂತ!” ಎಂದು ಯಾರೋ ಕೂಗಿದರು. ಆಮೇಲೆ ಹೊಡೆತ ನಿಲ್ಲಲಿಲ್ಲ. ಅವನು ಮತ್ತೆ ಪುಸ್ತಕದ ಮಾತೆತ್ತಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. ಸರಿಯಿದ್ದ ಕಾಲೂ ಮುರಿಯಿತು. ಊರಿನ ಹುಣಸೆ ಮರಗಳ ಬುಡವನ್ನೆಲ್ಲ ಅಗೆದರು. ಸರ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ನಾನು ಮರುದಿನ ಪುಸ್ತಕವನ್ನು ಅದೇ ತೂಬಿನಿಂದ ಕಾಲುವೆಗೆ ಎಸೆದೆ. ಎಂಟು ದಿನಕ್ಕೆ ಉಚ್ಚೆಂಗಪ್ಪ, ಅವನ ಹೆಂಡತಿ, ಮಗಳು ಹೊಳೆಮ್ಮ ಒಂದು ಲಾರಿ ಹತ್ತಿ ಸಂಡೂರಿನ ಕಡೆ ಹೋದರು.

ಗೋಣಿಚೀಲದಲ್ಲಿ ಪುಸ್ತಕ ಸಿಕ್ಕ ಮೂರನೆಯ ದಿನ ಅಂಗಡಿಯಲ್ಲಿ ಕೂತು ಅದನ್ನು ಮೊದಲಿನಿಂದ ಓದಿದೆ. ಈಗ ಓದಿದರೆ ಅಂಥದ್ದೇನೂ ಇಲ್ಲ ಅದರಲ್ಲಿ. ಪುಟಕ್ಕೆ ನಾಲ್ಕು ಅಚ್ಚಿನ ತಪ್ಪು, ಅಧ್ಯಾಯಕ್ಕೊಂದು ಚೀತ್ಕಾರ, ಮಕ್ಕಳು ಮುದುಕರಂತೆ ಮಾತಾಡುತ್ತಾರೆ. ಆದರೂ ನೂರ ಇಪ್ಪತ್ತೆಂಟನೆಯ ಪುಟಕ್ಕೆ ಬಂದಾಗ ಆ ಅರ್ಧ ವಾಕ್ಯವನ್ನು ಎರಡು ಸಲ ಓದಿದೆ. ತಿರುವಿದೆ.

ಕುಂಟ ಕಳ್ಳನಲ್ಲ. ಆ ಪಾಳು ಗುಡಿಯ ಕಾವಲುಗಾರ ಅವನು. ಕಳ್ಳ, ಮಕ್ಕಳಿಗೆ ದಿನವೂ ಮಿಠಾಯಿ ಕೊಡುತ್ತಿದ್ದ ವಸತಿಗೃಹದ ಮಾಲೀಕ. ಅವನ ಕೈಗೆ ಸಿಗದಿರಲೆಂದು ಕುಂಟನೇ ವಿಗ್ರಹವನ್ನು ಪೆಟ್ಟಿಗೆಯಲ್ಲಿಟ್ಟು ಹೂತಿದ್ದ. ‘ದೀಪ ಹಿಡಿದವನನ್ನೇ ಕಳ್ಳನೆಂದಿರಲ್ಲ ಮಕ್ಕಳೇ’ ಎನ್ನುತ್ತಾನೆ, ನೂರ ಮೂವತ್ತೊಂಬತ್ತನೆಯ ಪುಟದಲ್ಲಿ. ಮಕ್ಕಳು ತಪ್ಪಾಯಿತು ಎನ್ನುತ್ತಾರೆ. ಅವನು ಅವರ ತಲೆ ಸವರಿ ಮಾವಿನ ಹಣ್ಣು ಕೊಡುತ್ತಾನೆ. ಅರ್ಧ ಪುಟದಲ್ಲಿ ಎಲ್ಲ ಮುಗಿಯಿತು.

ಉಚ್ಚೆಂಗಪ್ಪ ಮಾವ ಓದದೆಯೇ ಹೇಳಿದ್ದ. ಇದನ್ನು ಅವನಿಗೆ ಹೇಳಬೇಕು, ಅವನೆದುರು ಕೂತು ಈ ಹದಿನಾರು ಪುಟ ಓದಬೇಕು, ಆಮೇಲೆ ಬೇಕಾದರೆ ಕಪಾಳಕ್ಕೆ ಹೊಡೆಯಲಿ. ಅವ್ವನಿಗೆ ಫೋನ್ ಮಾಡಿದೆ.

“ಈಗ್ಯಾಕ ಬೇಕವ್ವಾ ಆ ಸುದ್ದಿ?” ಎಂದಳು. “ಸಂಡೂರು ಕಡಿ ವಡ್ಡು ಅನ್ನೋ ಊರಾಗ ಅದಾರಂತ. ಮಗಳು ಯಾವ್ದೋ ಕ್ಯಾಂಟೀನ್‌ನಾಗ ಅಡಿಗಿ ಮಾಡ್ತಾಳಂತ. ಅಪ್ಪ ಅದಾನೋ ಇಲ್ಲೋ ಗೊತ್ತಿಲ್ಲ.”

ಪುಸ್ತಕಕ್ಕೆ ನನ್ನ ಕೈಯ ಅತ್ಯಂತ ಗಟ್ಟಿ ಹೊಲಿಗೆ ಹಾಕಿದೆ. ಕೊನೆಯ ಫಾರಂಗೆ ಎರಡೆಳೆ ದಾರ. ಭಾನುವಾರ ಬಸ್ಸು ಹತ್ತಿದೆ.

ವಡ್ಡಿನಲ್ಲಿ ಹೊಳೆಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಗಡಿನ ಮಾಡು, ಬಾಗಿಲಿನವರೆಗೂ ಕೆಂಪು ಧೂಳು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ತಲೆ ಪೂರ್ತಿ ಬೆಳ್ಳಗಾಗಿತ್ತು.

“ಯಾರು ಬೇಕಾಗಿತ್ರಿ?”

“ಹೊಳೆಮ್ಮಕ್ಕ, ನಾನು ದೇವಿಕಾ. ಎಮ್ಮಿಗನೂರು ರೇಣುಕಮ್ಮನ ಮಗಳು.”

ಅವಳು ನನ್ನನ್ನೇ ನೋಡಿದಳು. “ಅಂಜನ ನೋಡಿದಾಕಿ,” ಎಂದಳು. ಬೈಗುಳಕ್ಕೆ ಕಾದು ನಿಂತೆ. ಅವಳು ಸೆರಗಿನಿಂದ ಕಟ್ಟೆ ಒರೆಸಿದಳು. “ಬಾ, ಕುಂದ್ರು. ನಮ್ಮಪ್ಪ ಮಾಡಿದ ಕೆಲಸಕ್ಕ ನಿಮ್ಮೂರಾರ ಮಾರಿ ನೋಡಾಕ ನಾಚ್ಕಿ ಆಕ್ಕತಿ ನೋಡವ್ವಾ. ಅದಕ್ಕ ನಾ ಒಂದಿನಾನೂ ಆ ಕಡಿ ಬರ್ಲಿಲ್ಲ.”

ಕೂತುಬಿಟ್ಟೆ. “ಮಾವ ಎಲ್ಲಿ ಅಕ್ಕ?”

“ಸತ್ತು ಮೂರು ವರ್ಷಾತು.”

ಅಲ್ಲಿಂದ ಎದ್ದು ಬರಬಹುದಿತ್ತು. ಹೋಗಲಿ ಬಿಡಕ್ಕ ಎಂದು ನೀರು ಕುಡಿದು ಬಂದಿದ್ದರೆ ಅವಳ ಪಾಡಿಗೆ ಅವಳು ಇರುತ್ತಿದ್ದಳು. ಆದರೆ ನಾನು ಹೊತ್ತು ತಂದ ಭಾರ ಇಳಿಸಲೇಬೇಕಿತ್ತು. ಎಲ್ಲವನ್ನೂ ಹೇಳಿದೆ. ಎಲೆಯಲ್ಲಿ ಏನೂ ಕಾಣಲಿಲ್ಲ ಅಂದೆ. ಪುಸ್ತಕ ಇತ್ತು ಅಂದೆ, ಇಲ್ಲವೆಂದದ್ದು ಸುಳ್ಳು ಅಂದೆ. ಚೀಲದಿಂದ ತೆಗೆದು ಕೊನೆಯ ಹದಿನಾರು ಪುಟ ಓದಿದೆ. ಓದುತ್ತ ಅತ್ತೆ.

ಹೊಳೆಮ್ಮ ಅಳಲಿಲ್ಲ. ಅಕ್ಕಿಯ ಮೇಲೆ ಅವಳ ಕೈ ಹಾಗೇ ನಿಂತಿತ್ತು.

“ಹಂಗಾರ ಪುಸ್ತಕ ಇತ್ತು,” ಎಂದಳು.

“ಇತ್ತಕ್ಕ.”

“ಸಾಯತನಕ ಅದನ್ನ ಹೇಳ್ದ. ಪುಸ್ತಕ ಐತಿ ಹೊಳೆವ್ವಾ, ಆ ಹುಡುಗಿ ಒಂದಿನ ತರ್ತಾಳ ಅಂತ. ನಾ ಏನಂತಿದ್ದೆ ಗೊತ್ತೇನು? ಸಾಕ್ ಮಾಡಪ್ಪ, ಕದ್ದದ್ದಲ್ದ ಸಣ್ಣ ಹುಡುಗಿ ಮ್ಯಾಲೆ ಹಾಕ್ತಿ, ಕೂಸು ಸುಳ್ಳು ಹೇಳ್ತೈತೇನು ಅಂತ.” ಅವಳು ಸೊಂಟ ಮುಟ್ಟಿ ನೋಡಿಕೊಂಡಳು. ಅಲ್ಲೊಂದು ಕೀಲಿಗೊಂಚಲು ಇತ್ತು. “ಅವ ಮನ್ಯಾಗ ಇರೋತನಕ ಇದನ್ನ ಬಿಚ್ಚಿ ಇಡ್ಲಿಲ್ಲ ನಾನು. ರಾತ್ರಿ ಮಕ್ಕಂಬಾಗಲೂ ಬಿಚ್ಚಲಿಲ್ಲ. ಮಗಳ ಮದಿವ್ಯಾಗ ಮನ್ಯಾಗ ಬಂಗಾರ ಐತಿ ಅಂತ ಮೂರು ದಿನ ಎಲ್ಲಾರ ಹೋಗಿರು ಅಂದೆ. ಕಂಬಳಿ ಹೆಗಲಿಗೆ ಹಾಕ್ಕಂಡು ಬಡಿಗಿ ಊರ್ಕಂತ ಹೋದ. ಒಂದು ಮಾತು ಆಡ್ಲಿಲ್ಲ. ಮೊಮ್ಮಗಳ ತಲಿಗೆ ಅಕ್ಕಿಕಾಳು ಹಾಕ್ಲಿಲ್ಲ.”

“ಅಕ್ಕ, ತಪ್ಪು ನಂದು.”

“ನಿಂದೂ ಹೌದು. ಇಷ್ಟು ದಿನ ನಿಂದೊಂದ ಇತ್ತು. ಈಗ ನನಗೂ ಪಾಲು ತಂದು ಕೊಟ್ಟಿ.” ದನಿ ಏರಲಿಲ್ಲ. “ಎದಿ ಹಗುರಾತೇನವ್ವಾ?”

ಹಗುರಾಗಿತ್ತು, ಆ ಮಾತು ಕೇಳುವವರೆಗೆ.

ಅವಳು ಕೈ ಚಾಚಿ ಪುಸ್ತಕ ಇಸಿದುಕೊಂಡಳು. ಮುಖಪುಟದ ಧೂಳನ್ನು ಸೆರಗಿನಿಂದ ಒರೆಸಿ ಕುಂಟನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಇವಗ ಮಗಳಿದ್ಲೇನು, ಈ ಕತ್ಯಾಗ?”

ಮನಸ್ಸಿನಲ್ಲೇ ಇಡೀ ಪುಸ್ತಕವನ್ನು ತಿರುವಿ ಹಾಕಿದೆ.

“ಇಲ್ಲಕ್ಕ.”

“ಪುಣ್ಯ ಮಾಡ್ಯಾನ,” ಎಂದಳು ಹೊಳೆಮ್ಮ.