ಕೈಗಡ ತಂದ ಕಫ

ದಿನಕ್ಕೆ ಏಳರಂತೆ ನಾಲ್ಕು ತಿಂಗಳು ಮಾತ್ರೆ ನುಂಗಿದ ಸೈಕಲ್ ಮೇಷ್ಟ್ರಿಗೆ ಕೊನೆಗೆ ಉಳಿದದ್ದು ಒಂದೇ ತೊಂದರೆ. ಕೆಮ್ಮು ಬರುತ್ತಿರಲಿಲ್ಲ.

ಅವರೇನೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಸೀಟು ಹಿಡಿದು ಹಿಂದೆ ಓಡುತ್ತ ಬೀದಿಯ ಅರ್ಧ ಜನಕ್ಕೆ ಸೈಕಲ್ ಕಲಿಸಿದ್ದರಿಂದ ಬಂದ ಹೆಸರು ಅದು. ಹಾಗೆ ಓಡುವಾಗಲೇ ಒಂದು ದಿನ ಕೆಮ್ಮು ಒತ್ತರಿಸಿ ಬಂದು ರಸ್ತೆಯಲ್ಲೇ ಕುಳಿತುಬಿಟ್ಟರು. ಆಸ್ಪತ್ರೆಯಲ್ಲಿ ಕ್ಷಯ ಎಂದರು. ಆರು ತಿಂಗಳ ಔಷಧಿಯನ್ನು ನಾಲ್ಕೇ ತಿಂಗಳಲ್ಲಿ ಮುಗಿಸಬಹುದೇ ಎಂದು ಅಲ್ಲೊಂದು ಸಂಶೋಧನೆ ನಡೆಯುತ್ತಿತ್ತು; ಸೇರುತ್ತೀರಾ ಎಂದು ಕೇಳಿದರು. ಹದಿನಾರು ಪುಟದ ಒಪ್ಪಿಗೆ ಪತ್ರವನ್ನು ಸಿಸ್ಟರ್ ಒಂದು ಸಾಲೂ ಬಿಡದೆ ಓದಿ ಹೇಳಿದಳು. ಮೇಷ್ಟ್ರು ಗಮನವಿಟ್ಟು ನೋಡಿದ್ದು ಅವಳ ಗಂಟಲು ಒಣಗುತ್ತಿರುವುದನ್ನು ಮಾತ್ರ. ಹತ್ತನೆಯ ಪುಟ ಮುಗಿಯುತ್ತಿದ್ದಂತೆ, ನೀವು ಓದ್ತಾ ಇರಿ ಎಂದು ಹೇಳಿ, ಅವಳಿಗೆ ನೀರು ತರಲು ಹೋದರು.

ಅಂದಿನಿಂದ ಇಬ್ಬರಿಗೂ ನಂಟು ಬೆಳೆಯಿತು. ಕಾಲು ಅಲ್ಲಾಡದ ಒಂದೇ ಒಂದು ಕುರ್ಚಿಯನ್ನು ಸಿಸ್ಟರ್ ಅವರಿಗಾಗಿ ತೆಗೆದಿಡುತ್ತಿದ್ದಳು. ಅವಳ ಸೈಕಲ್ಲಿನ ಬ್ರೇಕನ್ನು ಮೇಷ್ಟ್ರು ಹೇಳದೆ ಕೇಳದೆ ಬಿಗಿಮಾಡಿ ಹೋಗುತ್ತಿದ್ದರು.

ಕೊನೆಯ ಭೇಟಿಗೆ ಎರಡು ಡಬ್ಬಿ ಕಫ ಬೇಕಿತ್ತು. ಒಂದು ಬೆಳಿಗ್ಗೆ ಎದ್ದ ಕೂಡಲೇ ಮನೆಯಲ್ಲಿ ತೆಗೆದದ್ದು, ಇನ್ನೊಂದು ಆಸ್ಪತ್ರೆಯಲ್ಲಿ. "ಇವೆರಡು ಬಂದ್ರೆ ನನ್ನ ಫೈಲು ಪೂರ್ತಿ ಮೇಷ್ಟ್ರೇ" ಎಂದು ಸಿಸ್ಟರ್ ನಗುತ್ತ ಹೇಳಿದ್ದಳು. ಕಫ ಬಾರದಿದ್ದರೆ ಬರಲಿಲ್ಲ ಎಂದು ಬರೆದುಕೊಳ್ಳುತ್ತಾರೆ, ಗುಣವಾದವರಿಗೆ ಹಾಗಾಗುವುದು ಸಹಜ ಎಂಬುದು ಹನ್ನೊಂದನೆಯ ಪುಟದಲ್ಲಿತ್ತು. ಆ ಪುಟ ಓದುವಾಗ ಮೇಷ್ಟ್ರು ಲೋಟ ತೊಳೆಯುತ್ತಿದ್ದರು.

ಹೀಗಾಗಿ ಆ ಬೆಳಿಗ್ಗೆ ಅವರು ಹಿತ್ತಲಿನಲ್ಲಿ ಡಬ್ಬಿ ಹಿಡಿದು ಪಡಬಾರದ ಪಾಡು ಪಟ್ಟರು. ಬಗ್ಗಿ ನೋಡಿದರು, ಎದೆ ತಟ್ಟಿಕೊಂಡರು, ಬಾವಿಯ ಸುತ್ತ ಓಡಿದರು. ಮೆಣಸಿನ ಪುಡಿ ಮೂಸಿ ಒಂಬತ್ತು ಸೀನು ಸೀನಿದರು. ಕಫ ಮಾತ್ರ ಇಲ್ಲ. ಬೇಡ ಅಂದಾಗ ಬೀದಿಗೆಲ್ಲ ಕೇಳುವ ಹಾಗೆ ಕೆಮ್ಮುತ್ತಿದ್ದಿರಿ, ಬೇಕೆಂದಾಗ ನಿಮ್ಮ ಎದೆಗೂ ಮುನಿಸು ಎಂದು ಹೆಂಡತಿ ಅಡುಗೆಮನೆಯಿಂದಲೇ ಹಂಗಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಕೇಳಿದ್ದೇವೆ. ಇಲ್ಲಿ ಬಾಯಿಗೆ ಬರಬೇಕಾದದ್ದೇ ಬರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆ ಭಾವ ಕೆಮ್ಮಿದರು.

ಭಾವ ಎಂದರೆ ಮೇಷ್ಟ್ರ ಹೆಂಡತಿಯ ಅಣ್ಣ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರ ಕೆಮ್ಮು ಕಿಟಕಿಯ ಗಾಜು ನಡುಗಿಸುತ್ತಿತ್ತು. ಪರೀಕ್ಷೆ ಮಾಡಿಸಿ ಎಂದರೆ, ಇದು ಬಸ್ಸಿನ ಧೂಳು, ನಾನು ರಿಟೈರಾದರೂ ಅದು ಇನ್ನೂ ಸರ್ವೀಸಿನಲ್ಲಿದೆ ಎನ್ನುತ್ತಿದ್ದರು. ಮೇಷ್ಟ್ರಿಗೆ ಕ್ಷಯ ಎಂದು ತಿಳಿದಾಗ ಸಿಸ್ಟರ್ ನೆಂಟರನ್ನೆಲ್ಲ ಪರೀಕ್ಷೆಗೆ ಕರೆದಿದ್ದಳು. ಭಾವ ಮಾತ್ರ ಅಂದು ಬಸ್ ನಿಲ್ದಾಣಕ್ಕೆ ಹೋಗಿ ಕತ್ತಲಾಗುವ ತನಕ ಕುಳಿತು ಬಂದಿದ್ದರು.

ಮೇಷ್ಟ್ರು ಗೋಡೆಯ ಮೇಲೆ ಡಬ್ಬಿ ಇಟ್ಟರು.

"ಭಾವ, ಸ್ವಲ್ಪ ಕೈಗಡ ಬೇಕಿತ್ತು."

"ಏನು, ಸಕ್ಕರೇನಾ?"

"ಕಫ."

ಭಾವನ ಮುಖ ಅರಳಿತು. ಇಷ್ಟು ವರ್ಷ ಎಲ್ಲರೂ ಕೆಮ್ಮಬೇಡಿ ಅಂದವರೇ; ಕೆಮ್ಮಿ ಎಂದು ಕೇಳಿಕೊಂಡವರು ಇವರೊಬ್ಬರೇ. ಡಬ್ಬಿ ಅರ್ಧ ತುಂಬಿಸಿ, ಸಾಕಾ, ಇನ್ನೂ ಇದೆ ಎಂದರು.

ಮೂರನೆಯ ದಿನ ಆಸ್ಪತ್ರೆಯಿಂದ ಕರೆ ಬಂತು. ಹೋಗಿ ನೋಡಿದರೆ ಡಾಕ್ಟರಮ್ಮನ ಮುಖ ಸಪ್ಪಗಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಡಬ್ಬಿಯಲ್ಲಿ ಇದ್ದದ್ದು ಬರೀ ಉಗುಳು, ಅದರಲ್ಲಿ ಏನೂ ಇಲ್ಲ. ಮನೆಯಿಂದ ತಂದದ್ದರಲ್ಲಿ ಕ್ಷಯದ ರೋಗಾಣುಗಳ ಜಾತ್ರೆಯೇ ನೆರೆದಿದೆ. ಎಕ್ಸ್‌ರೇ ನೋಡಿದರೆ ಚೆನ್ನಾಗಿದೆ. ಏನೂ ಅರ್ಥವಾಗುತ್ತಿಲ್ಲ ಎಂದು ಆಕೆ ಹಣೆ ಉಜ್ಜಿಕೊಂಡರು. ನಾಲ್ಕು ತಿಂಗಳು ಸಾಲದು ಎಂದೇ ಬರೆಯಬೇಕಾಗುತ್ತದೆ, ನೀವೂ ಮೊದಲಿನಿಂದ ಮಾತ್ರೆ ಶುರು ಮಾಡಬೇಕು ಎಂದರು.

ಮೇಷ್ಟ್ರಿಗೆ ಮಾತ್ರೆಯ ವಿಚಾರ ಕಿವಿಗೇ ಬೀಳಲಿಲ್ಲ. ಗೋಡೆಯಾಚೆ ಧೂಳು ಧೂಳು ಎಂದು ಕೆಮ್ಮುತ್ತ ಕುಳಿತ ಭಾವನೇ ಕಣ್ಣಮುಂದೆ ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಭಾವನೇ ಹೋಗುತ್ತಾರೆ.

ಸಿಸ್ಟರ್ ಅದನ್ನು ಗಮನಿಸಿದಳು. ಐದು ನಿಮಿಷ ಕೊಡಿ ಮೇಡಂ ಎಂದು ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಫ್ಯಾನು ಅವರ ಕಡೆ ತಿರುಗಿಸಿದಳು.

"ಮೇಷ್ಟ್ರೇ, ಆ ಡಬ್ಬೀಲಿ ಕೆಮ್ಮಿದ್ದು ಯಾರು?"

"ನಮ್ಮ ಭಾವ. ನಿಮ್ಮ ಫೈಲು ಅರ್ಧ ಆಗ್ಬಾರ್ದು ಅಂತ..."

ಸಿಸ್ಟರ್ ಫೈಲಿನ ಮೇಲೆ ತಲೆಯಿಟ್ಟಳು. ಭುಜ ಕುಲುಕುತ್ತಿತ್ತು. ಅಳಿಸಿಬಿಟ್ಟೆನಲ್ಲ ಎಂದು ಮೇಷ್ಟ್ರು ಕಂಗಾಲಾದರು. ತಲೆ ಎತ್ತಿದಾಗ ನೋಡಿದರೆ, ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. "ಮಾತ್ರೆ ಗೆದ್ದಿದೆ ಮೇಷ್ಟ್ರೇ. ಸೋತಿರೋದು ನಿಮ್ಮ ಬುದ್ಧಿ" ಎಂದಳು.

ಡಾಕ್ಟರಮ್ಮ ನಗಲಿಲ್ಲ. ಕಾಲು ಗಂಟೆ ಬೈದರು. ಒಬ್ಬರ ಸುಳ್ಳಿನಿಂದ ನೂರಾರು ಜನರ ಔಷಧಿ ಕೆಡುತ್ತಿತ್ತು ಎಂದರು, ಅದು ನಿಜವೂ ಹೌದು. ಹನ್ನೊಂದನೆಯ ಪುಟವನ್ನು ಮೇಷ್ಟ್ರ ಬಾಯಲ್ಲೇ ಎರಡು ಸಲ ಗಟ್ಟಿಯಾಗಿ ಓದಿಸಿದರು. ಆಮೇಲೆ ದನಿ ಇಳಿಸಿ, ಆ ಭಾವನನ್ನು ಹೇಗಾದರೂ ಮಾಡಿ ಕರೆತನ್ನಿ ಎಂದರು.

ಭಾವ ಬರಬೇಕಲ್ಲ. "ನಿನ್ನ ಪರೀಕ್ಷೆ ನಾನು ಬರೆದೆ, ಫೇಲಾದೋನು ನೀನು. ನನಗ್ಯಾಕೆ ಆಸ್ಪತ್ರೆ?" ಎಂದು ಬಾಗಿಲು ಹಾಕಿಕೊಂಡರು. ತಂಗಿ ಬೇಡಿದರು, ಬೈದರು. ಮೇಷ್ಟ್ರು ಎರಡು ದಿನ ಅಂಗಡಿ ಮುಚ್ಚಿ ಅವರ ಹೊಸ್ತಿಲಲ್ಲೇ ಕುಳಿತರು. ಒಳಗಿನಿಂದ ಉತ್ತರವಾಗಿ ಬಂದದ್ದು ಕೆಮ್ಮು ಮಾತ್ರ. ಮೊದಲು ನಗು ತರಿಸುತ್ತಿದ್ದ ಆ ಸದ್ದಿಗೆ ಈಗ ಮೇಷ್ಟ್ರು ಪ್ರತಿ ಸಲವೂ ಎದ್ದು ಬಾಗಿಲು ತಟ್ಟುತ್ತಿದ್ದರು.

ಮೂರನೆಯ ದಿನ ಸಿಸ್ಟರ್ ತಾನೇ ಬಂದಳು. ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲಿ ನಿಂತು, ಮುಚ್ಚಿದ ಬಾಗಿಲಿಗೇ ಮಾತಾಡಿದಳು. ಕಂಡಕ್ಟರ್ ಸಾಹೇಬರೇ, ಉಳಿದವರೆಲ್ಲ ಡಬ್ಬಿಗೆ ಉಗುಳು ಕೊಡುತ್ತಾರೆ, ಇಂಥ ಅಚ್ಚುಕಟ್ಟಾದ ಕಫವನ್ನು ನಮ್ಮ ಲ್ಯಾಬಿನವರು ಈ ವರ್ಷ ಕಂಡೇ ಇಲ್ಲವಂತೆ, ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಬಾಗಿಲ ಸಂದಿಯಿಂದ ದನಿ ಬಂತು. "ಅದು ನಂದು ಅಂತ ಅವರಿಗೆ ಗೊತ್ತಾ?"

"ಹೇಗೆ ಗೊತ್ತಾಗುತ್ತೆ? ಡಬ್ಬಿ ಮೇಲೆ ಮೇಷ್ಟ್ರ ಹೆಸರಿದೆ."

ಚಿಲಕ ಸರಿಯಿತು.

"ನನ್ನ ಕಫಕ್ಕೆ ಇವನ ಹೆಸರಾ?"

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಭಾವ ಮೇಷ್ಟ್ರ ಸೈಕಲ್ಲಿನ ಹಿಂದೆ ಹತ್ತಿ ಕುಳಿತರು. ದಾರಿಯುದ್ದಕ್ಕೂ ಬ್ರೇಕು, ಬೆಲ್ಲು, ತಿರುವು ಎಲ್ಲದಕ್ಕೂ ತಪ್ಪು ಹುಡುಕಿದರು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ನಿಂತು ಎರಡು ಡಬ್ಬಿ ಕೇಳಿದರೆ ಮೂರು ತುಂಬಿಸಿ, ಮೂರರ ಮೇಲೂ ತಮ್ಮ ಹೆಸರನ್ನು ಸಿಸ್ಟರ್ ಬರೆಯುವುದನ್ನು ಕನ್ನಡಕ ಹಾಕಿಕೊಂಡು ನೋಡಿದರು.

ಮರುದಿನ ಡಾಕ್ಟರಮ್ಮ, ಕ್ಷಯವೇ ಹೌದು, ಮಾತ್ರೆ ಬಿಡದೆ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದಾಗ ಮಾತ್ರ ಭಾವ ಧೂಳಿನ ಹೆಸರೆತ್ತಲಿಲ್ಲ. ಬೆಂಚಿನ ಮೇಲೆ ಮೇಷ್ಟ್ರ ಪಕ್ಕಕ್ಕೆ ಸ್ವಲ್ಪ ಸರಿದು ಕುಳಿತರು.

"ಮಾತ್ರೆ ದೊಡ್ಡದಿರುತ್ತಾ?"

"ಒಂದು ದೊಡ್ಡದು. ಅದನ್ನ ಮೊದಲು ನುಂಗಿಬಿಡಿ ಭಾವ. ಉಳಿದವು ಅದರ ಹಿಂದೆ ತಾವೇ ಹೋಗ್ತವೆ."