ಬೇಕೋ ಬೇಡವೋ

ಅಂಗಡಿಯವನು ಗುಂಡಿ ಒತ್ತಿದ್ದೇ ತಡ, ಗಾಜಿನ ಡಬ್ಬದೊಳಗೆ ಕೆಂಪು, ನೀಲಿ, ಹಸಿರು ದೀಪಗಳು ಹತ್ತಿಕೊಂಡವು. ಕಡಿಮೆ ಬೆಲೆಯ ಗೇಮಿಂಗ್ ಕಂಪ್ಯೂಟರ್ ಇಷ್ಟು ಜೋರಾಗಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

"ನೋಡಿ ಅಕ್ಕಾ, ಈ ರೇಟಿಗೆ ಇಂಥ ಪೀಸ್ ಇನ್ನೆಲ್ಲೂ ಸಿಗಲ್ಲ. ಇರೋದು ಇದೊಂದೇ. ಆಗ್ಲೇ ಇನ್ನೊಬ್ರು ಕೇಳಿ ಹೋಗಿದಾರೆ" ಎಂದ.

ನಾನು ನಮ್ಮ ಯಜಮಾನರ ಕಡೆ ನೋಡಿದೆ. ಬಗ್ಗಿ, ಗಾಜಿಗೆ ಮೂಗು ತಾಗಿಸಿ ಒಳಗೆ ಇಣುಕುತ್ತಿದ್ದರು. ಇವರು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಕತ್ತರಿ ಹಾಕುವ ಮುಂಚೆ ಬಟ್ಟೆಯನ್ನೂ ಹೀಗೇ ದಿಟ್ಟಿಸುತ್ತಾರಂತೆ. ಕೈ ಚುರುಕು, ಮಾತು ಮಾತ್ರ ತಡೆಯುತ್ತದೆ. ಚಿಕ್ಕಂದಿನಿಂದಲೂ ಉಗ್ಗು. ಕಾರ್ಖಾನೆಯಲ್ಲಿ 'ಮೌನಿ ಮಾಸ್ಟರ್' ಅಂತ ಅಡ್ಡಹೆಸರು ಇಟ್ಟಿದ್ದಾರೆ, ಇಟ್ಟವರ ಬಾಯಿಗೆ ಹುಳ ಬೀಳ! ನನ್ನದೋ ಬ್ಯೂಟಿ ಪಾರ್ಲರು. ಬೆಳಗಿನಿಂದ ಸಂಜೆಯವರೆಗೆ ಕೈಯಷ್ಟೇ ಬಾಯಿಗೂ ಕೆಲಸ. ಹಾಗಾಗಿ ಬ್ಯಾಂಕಿರಲಿ, ಡಾಕ್ಟರಿರಲಿ, ಇಬ್ಬರ ಮಾತನ್ನೂ ನಾನೇ ಆಡಿಬಿಡುತ್ತೇನೆ.

ಆದರೆ ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಇವರು ಬೇರೆಯೇ ಮನುಷ್ಯ. "ಗೋಡೆ ಹಿಂದೆ ಇಬ್ಬರಿದಾರೆ, ಯಾರೂ ಅಲ್ಲಾಡಬೇಡಿ, ನಾನು ಹೇಳಿದಾಗ ನುಗ್ಗಿ!" ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಎಲ್ಲೆಲ್ಲಿಯವರೋ ಸೇರಿರುವ ಆ ತಂಡಕ್ಕೆ ಇವರೇ ಕ್ಯಾಪ್ಟನ್. ಮೊದಲ ಸಲ ಬಾಗಿಲಾಚೆ ನಿಂತು ಆ ದನಿ ಕೇಳಿದಾಗ, ಒಳಗೆ ಇನ್ಯಾರೋ ಬಂದು ಕೂತಿದ್ದಾರೆಂದೇ ತಿಳಿದಿದ್ದೆ. ಇವರೇ ಅಂತ ಗೊತ್ತಾದ ಮೇಲೆ ಗೋಡೆಗೊರಗಿ ಅತ್ತುಬಿಟ್ಟೆ.

ಆ ಹಳೇ ಕಂಪ್ಯೂಟರು ಮೊನ್ನೆ ಹೊಗೆಯೆಬ್ಬಿಸಿ ಕಣ್ಣುಮುಚ್ಚಿತು. ನಾಳೆ ದೊಡ್ಡ ಪಂದ್ಯ. ಬರದಿದ್ದರೆ ಬೇರೆಯವರನ್ನು ಕ್ಯಾಪ್ಟನ್ ಮಾಡಿಕೊಳ್ಳುತ್ತೇವೆಂದು ತಂಡದವರು ಕಡ್ಡಿ ತುಂಡುಮಾಡಿದಂತೆ ಹೇಳಿದ್ದರು. ಆವತ್ತಿನಿಂದ ಇವರು ತುಟಿ ಬಿಚ್ಚಿಲ್ಲ. ಆ ಜಾಗ ಕೈತಪ್ಪಿದರೆ ಆ ದನಿಯೂ ಹೋಯಿತು ಅಂತ ನನಗೆ ಭಯ ಹಿಡಿದಿತ್ತು.

"ಏನ್ರೀ, ತಗೊಳ್ಳೋಣ್ವಾ?"

ಇವರು ನೆಟ್ಟಗಾದರು. ಕತ್ತಿನ ನರ ಉಬ್ಬಿತು. "ಬೇ... ಬೇ..."

"ಬೇಕಂತೆ, ಪ್ಯಾಕ್ ಮಾಡಪ್ಪ" ಎಂದು ಕಾರ್ಡು ಚಾಚಿದೆ.

ಇವರು ಗಬಕ್ಕನೆ ನನ್ನ ಕೈ ಹಿಡಿದರು. ಮದುವೆಯಾದಾಗಿನಿಂದ ಇಷ್ಟು ಬಿಗಿಯಾಗಿ ಹಿಡಿದವರಲ್ಲ. ಬಳೆ ಒತ್ತಿ ನೋವಾಯಿತು.

"ಬೇ..."

"ಅಣ್ಣ ಬೇಗ ಅಂತಿದಾರೆ ನೋಡಿ ಅಕ್ಕಾ! ಅವಸರ ಪಾಪ" ಎಂದು ಅಂಗಡಿಯವನು ಕಿಸಕ್ಕನೆ ನಕ್ಕ.

ಇವರ ಕಣ್ಣು ಕೆಂಪಾಗಿತ್ತು. ಅವನನ್ನಲ್ಲ, ನನ್ನನ್ನೇ ನೋಡುತ್ತಿದ್ದರು. ಅಯ್ಯೋ ದೇವರೇ, ಬೇಕು ಅನ್ನುವುದಕ್ಕೂ ಬೇ, ಬೇಡ ಅನ್ನುವುದಕ್ಕೂ ಬೇ! ಇವರು ಹೇಳಹೊರಟಿದ್ದು ಯಾವುದು?

"ಪಿನ್ ಒತ್ತಿ ಅಕ್ಕಾ" ಎಂದು ಅವನು ಕಾರ್ಡು ಎಳೆದುಕೊಂಡು ಮೆಷಿನ್ನು ಮುಂದೆ ಹಿಡಿದ. ಎರಡು ಮಾತೂ ನನ್ನ ನಾಲಿಗೆ ತುದಿಯಲ್ಲೇ ಇದ್ದವು. ಒಂದನ್ನು ಉದುರಿಸಿದ್ದರೆ ಆ ಸಂಕಟ ಅಲ್ಲಿಗೇ ಮುಗಿಯುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಇವರ ತುಟಿ ನಡುಗುತ್ತಿತ್ತು, ಹಣೆಯಲ್ಲಿ ಬೆವರೊಡೆದಿತ್ತು. ಹಿಂದೆ ಕಾಯುತ್ತಿದ್ದ ಗಿರಾಕಿ ಲೊಚಗುಟ್ಟಿದ. ತಿರುಗಿ ನಾಲ್ಕು ಮಾತು ಅಂದುಬಿಡೋಣ ಅನ್ನಿಸಿತು, ಬಾಯಿ ತೆರೆಯಲು ಧೈರ್ಯವಾಗಲಿಲ್ಲ.

"ಬೇ... ಬೇಡ."

ಉಸಿರು ಎಳೆದುಕೊಂಡು ಗಾಜಿನತ್ತ ಬೆರಳು ಮಾಡಿದರು. "ಒಳಗೆ ಗ್ರಾ... ಗ್ರಾಫಿಕ್ಸ್ ಕಾರ್ಡೇ ಇಲ್ಲ. ಬರೀ ದೀ... ದೀಪ. ಆಟ ಹಾಕಿದ್ರೆ ತ... ತಡೆದು ತಡೆದು ನಿಲ್ಲತ್ತೆ. ಇದೂ ನ... ನನ್ನ ಥರಾನೇ ಉಗ್ಗತ್ತೆ."

ಹೇಳಿ ತಾವೇ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಏನಪ್ಪಾ, ನಮ್ಮ ಕಿವಿ ಮೇಲೆ ಹೂವಿಡೋಕೆ ನೋಡ್ತಿದೀಯಾ?"

"ಹಂಗಲ್ಲ ಅಕ್ಕಾ, ಸಣ್ಣಪುಟ್ಟ ಆಟಕ್ಕೆ ಇದೇ ಸಾಕಾಗತ್ತೆ ಅಂತ..." ಎಂದು ತೊದಲುತ್ತ ಅವನು ಮೂಲೆಯಿಂದ ಒಂದು ಕಪ್ಪು ಡಬ್ಬ ಎಳೆದು ತಂದ. ದೀಪವಿಲ್ಲ, ಗಾಜಿಲ್ಲ. ಯಾರೋ ಬಳಸಿ ಮಾರಿದ್ದಂತೆ, ಬೆಲೆ ಮೊದಲಿನದರಷ್ಟೇ. ಇವರು ಪಕ್ಕದ ಮುಚ್ಚಳ ಬಿಚ್ಚಿಸಿ, ಒಳಗಿನ ಕಾರ್ಡನ್ನು ಕಣ್ಣಾರೆ ನೋಡಿ, ತಮ್ಮ ಆಟವನ್ನೇ ಹಾಕಿಸಿದರು. ಪರದೆಯ ಮೇಲೆ ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಓಡಿತು.

ಆಗ ನನಗೆ ತಡೆಯಲಾಗಲಿಲ್ಲ. "ಅಲ್ರೀ, ಈ ಆಟದಲ್ಲಿ ಮಾತ್ರ ನಿಮಗೆ ಅದ್ಹೇಗೆ ಮಾತು ಅಷ್ಟು ಸಲೀಸಾಗಿ ಬರತ್ತೆ?"

ಇವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅಲ್ಲಿ ನ... ನನ್ನ ಮಾತನ್ನ ಯಾ... ಯಾರೂ ಮುಗಿಸೋದಿಲ್ಲ ಕಣೇ."

ಸಿಟ್ಟಿನಿಂದ ಹೇಳಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಊಟವಾಯಿತೇ ಅಂತ ಕೇಳುವಷ್ಟು ಮೆಲ್ಲಗೆ ಹೇಳಿದ್ದರು.

ಅಂಗಡಿಯವನು ಡಬ್ಬದ ಮೇಲೆ ಕೈಯಿಟ್ಟು, ವಾಡಿಕೆಯಂತೆ ನನ್ನ ಕಡೆಗೇ ತಿರುಗಿದ. "ಹಾಗಾದ್ರೆ ಇದನ್ನ ಕೊಡ್ಲಾ ಅಕ್ಕಾ?"

"ನನ್ನನ್ಯಾಕೆ ಕೇಳ್ತೀಯಾ? ಅವರನ್ನ ಕೇಳು. ಕೇಳಿ, ಬಾಯಿ ಮುಚ್ಕೊಂಡು ನಿಂತ್ಕೋ" ಎಂದೆ.

ಹೇಳಿ, ನಾನೂ ಹೋಗಿ ಅವನ ಪಕ್ಕ ನಿಂತೆ.