ಹತ್ತೊಂಬತ್ತನೇ ಹೆಲ್ಮೆಟ್ಟು

"ಏಯ್, ತಲೆ ಮೇಲಿಂದು ಇಳಿಸೇ! ನಿಮ್ಮಪ್ಪ ಗಂಟು ಕಟ್ಟಿ ಕೊಟ್ಟಿದ್ದಾ ಅದು?"

ಗೇಟಿನವನು ದಿನವೂ ಸಂಜೆ ಹೀಗೇ ಬೊಗಳುತ್ತಿದ್ದ. ಹೊಲಿಗೆ ಕಾರ್ಖಾನೆಯ ಅರವತ್ತು ಹೆಂಗಸರು ಸೈಕಲ್ ಹಿಡಿದು ಸಾಲಾಗಿ ನಿಂತು, ಹೆಲ್ಮೆಟ್ ಬಿಚ್ಚಿ, ಅವನ ಕೋಣೆಯ ಗೋಡೆಯಲ್ಲಿ ತಂತಮ್ಮ ನಂಬರಿನ ಮೊಳೆಗೆ ನೇತುಹಾಕಿ, ಬರಿತಲೆಯಲ್ಲಿ ಹೆದ್ದಾರಿಗೆ ಇಳಿಯಬೇಕು. ಹೆಲ್ಮೆಟ್ ಕಂಪನಿಯ ಸ್ವತ್ತು. ಹೊರಗೆ ಹೋದರೆ ಕಳ್ಳತನ. ಬೆಳಿಗ್ಗೆ ಬಂದು ಮತ್ತೆ ತೊಟ್ಟು, ಗೇಟಿನಿಂದ ಒಳಗಿನ ಸೈಕಲ್ ಸ್ಟ್ಯಾಂಡಿನವರೆಗೆ ನೂರು ಹೆಜ್ಜೆ ತುಳಿಯಬೇಕು. ಕಾರ್ಖಾನೆಯಿಂದ ಬಟ್ಟೆ ಕೊಳ್ಳುವ ದೊಡ್ಡವರು ಯಾವ ಗಳಿಗೆಯಲ್ಲಿ ತಪಾಸಣೆಗೆ ಬಂದು ನೋಡುತ್ತಾರೋ ಯಾರು ಬಲ್ಲರು. ಆ ನೂರು ಹೆಜ್ಜೆಯಲ್ಲಿ ನಾಯಿ ಅಡ್ಡ ಬಂದರೇ ಹೆಚ್ಚು. ಲಾರಿಗಳು ಯಮನ ಹಾಗೆ ನುಗ್ಗುವುದು ಹೊರಗೆ.

ಈ ಸೈಕಲ್ ಸಂಭ್ರಮಕ್ಕೆ ತುತ್ತೂರಿ ಊದಿದವಳು ಇಸ್ತ್ರಿಯಕ್ಕ. ಹದಿನಾಲ್ಕು ವರ್ಷ ಇಸ್ತ್ರಿ ಪೆಟ್ಟಿಗೆ ಒತ್ತಿ ಒತ್ತಿ ಹೆಸರೇ ಅದಾಗಿಹೋಗಿತ್ತು. ಹೆಂಗಸರನ್ನು ಕರೆತರುವ ಕಾರ್ಖಾನೆಯ ವ್ಯಾನು ರದ್ದು ಮಾಡುವ ಮುಂಚೆ ಮ್ಯಾನೇಜರು ಅವಳನ್ನು ಕರೆದು ಕುರ್ಚಿ ಹಾಕಿ ಕೂರಿಸಿದ್ದ.

"ನೋಡಕ್ಕ, ಸೈಕಲ್ ತುಳಿದ್ರೆ ಮಂಡಿ ನೋವು ಹೋಗತ್ತೆ, ಬೊಜ್ಜು ಕರಗತ್ತೆ, ವ್ಯಾನಿಗೆ ಕಾಯೋ ಕರ್ಮಾನೂ ತಪ್ಪತ್ತೆ. ನೀನು ನಮ್ಮನೆ ಅಕ್ಕ ಇದ್ದ ಹಾಗೆ. ನಿನ್ನ ಮಾತು ಎಲ್ರೂ ಕೇಳ್ತಾರೆ."

ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅಕ್ಕ ಅಂದನಲ್ಲ, ಹಿಗ್ಗಿ ಹೀರೇಕಾಯಿಯಾದಳು. ಹೆಲ್ಮೆಟ್ ತೊಟ್ಟು, ಸೈಕಲ್ ಏರಿ, ಹಲ್ಲು ಬಿಟ್ಟುಕೊಂಡು ಫೋಟೋ ತೆಗೆಸಿಕೊಂಡಳು. ಅದು ಗೇಟಿನ ಪಕ್ಕ ಆಳೆತ್ತರಕ್ಕೆ ನಿಂತಿತು: 'ಸೈಕಲ್ ತುಳಿಯಿರಿ, ಆರೋಗ್ಯವಾಗಿರಿ.' ಮಂಡಿ ನೋವು ನಿಜವಾಗಿಯೂ ಕಡಿಮೆಯಾಯಿತು, ಸುಳ್ಳು ಹೇಳಬಾರದು. ಅದಕ್ಕೇ ಅವಳ ಮಾತಿಗೆ ತೂಕ ಬಂದದ್ದು.

ಒಪ್ಪದೆ ಉಳಿದವಳು ಅವಳ ನಾದಿನಿ ಒಬ್ಬಳೇ. ಕಾಜಾ ಮಿಷನ್ನಿನ ಮುಂದೆ ಕೂತು ಅಂಗಿಗೆ ಗುಂಡಿ ತೂರುವ ಕಂಡಿ ಹೊಲಿಯುವ ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು.

"ನಂಗೆ ಭಯ ಅತ್ತಿಗೆ. ಲಾರಿಯವ್ರು ನಮ್ಮನ್ನ ಮನುಷ್ಯರು ಅಂತ ನೋಡ್ತಾರಾ?"

"ಅಯ್ಯೋ ಪುಕ್ಕಲಿ, ನಾನಿಲ್ವೇನೇ!"

ಮೂರು ಭಾನುವಾರ ಇಸ್ತ್ರಿಯಕ್ಕ ಬಯಲಿನಲ್ಲಿ ಕಾಜಾಳ ಸೈಕಲ್ಲಿನ ಸೀಟು ಹಿಡಿದು ಹಿಂದೆ ಹಿಂದೆ ಓಡಿದಳು.

"ಕೈ ಬಿಡಬೇಡಿ ಅತ್ತಿಗೆ!"

"ಬಿಡಲ್ಲ ಕಣೇ, ಹಿಡ್ಕೊಂಡಿದ್ದೀನಿ, ತುಳಿ!"

ಬಿಟ್ಟಿದ್ದಳು. ಕಾಜಾಗೆ ಅದು ಗೊತ್ತಾದದ್ದು ಬಯಲಿನ ಆ ಕೊನೆ ಮುಟ್ಟಿದ ಮೇಲೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಈ ಸೋಮವಾರ ಸಂಜೆ, ಗೇಟಿನಿಂದ ಕೂಗಳತೆ ದೂರದ ತಿರುವಿನಲ್ಲಿ, ಕಾರ್ಖಾನೆಯದೇ ಲಾರಿ ಕಾಜಾಳನ್ನು ಬೀಳಿಸಿತು. ತಲೆ ಕಲ್ಲಿಗೆ ಬಡಿದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಶುಕ್ರವಾರ ಮ್ಯಾನೇಜರು ಇಸ್ತ್ರಿಯಕ್ಕನನ್ನು ಮತ್ತೆ ಕರೆಸಿದ. ಕುರ್ಚಿ ಅಲ್ಲೇ ಇತ್ತು, ಕೂರು ಅನ್ನಲಿಲ್ಲ. ಕಾಗದ ತಳ್ಳಿದ.

"ಸೈನ್ ಹಾಕು."

ಅವಳು ಬೆರಳಿಟ್ಟು ಓದಿದಳು. ಕಂಪನಿ ಎಲ್ಲರಿಗೂ ಹೆಲ್ಮೆಟ್ ಕೊಟ್ಟಿದೆ. ಮೃತಳು ಎಷ್ಟು ಹೇಳಿದರೂ ತೊಡದೆ ತನ್ನ ಬೇಜವಾಬ್ದಾರಿಯಿಂದ ಸತ್ತಿದ್ದಾಳೆ. ನಾನು ಅವಳ ಅತ್ತಿಗೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

"ಸಾರ್, ಗೇಟಲ್ಲಿ ಬಿಚ್ಚಿಸ್ಕೊಳ್ಳೋದು ನೀವೇ ಅಲ್ವಾ?"

"ಬಾಯಿ ಮುಚ್ಚು. ನಿನ್ನ ಮೂತಿ ಗೇಟಲ್ಲಿ ಹೆಲ್ಮೆಟ್ ಹಾಕ್ಕೊಂಡು ಹಲ್ಲು ಕಿಸೀತಿದೆಯಲ್ಲ, ಅದೇ ಸಾಕ್ಷಿ. ಸೈನ್ ಹಾಕಿದ್ರೆ ನಾಳೆ ಕೆಲಸ, ಇಲ್ಲಾಂದ್ರೆ ಬೀದಿ. ನಾಯಿಗೆ ಕುರ್ಚಿ ಹಾಕಿದ್ದು ನನ್ನ ತಪ್ಪು."

ಅಕ್ಕ ಅಂದ ಬಾಯಿ ಅದೇ. ನಂಬಿಸಿ ಕತ್ತು ಕುಯ್ದರು, ಅದನ್ನೂ ನನ್ನ ಕೈಯಲ್ಲೇ ಕುಯ್ಯಿಸಿದರು ಅಂದುಕೊಂಡಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಉಗುರಿನಲ್ಲಿ ಗೆರೆ ತೀಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

"ಏಯ್ ಮುಂಡೆ, ಕಾಗದ ಇಲ್ಲಿಡು!"

ಅಷ್ಟರಲ್ಲಿ ಬಿಡುವ ಗಂಟೆ ಹೊಡೆಯಿತು. ಇಸ್ತ್ರಿಯಕ್ಕ ಸೈಕಲ್ ತಳ್ಳಿಕೊಂಡು ಬಂದು ಗೇಟಿನವನ ಕೋಣೆಗೆ ನುಗ್ಗಿದಳು. ಹತ್ತೊಂಬತ್ತನೇ ಮೊಳೆಯಲ್ಲಿ ಕಾಜಾಳ ಹೆಲ್ಮೆಟ್ ಸೋಮವಾರ ಅವಳು ನೇತುಹಾಕಿದ ಹಾಗೇ ತೂಗುತ್ತಿತ್ತು. ಪಟ್ಟಿಯ ಕೊಂಡಿಗೆ ಒಂದೆಳೆ ಕೂದಲು ಸಿಕ್ಕಿಕೊಂಡಿತ್ತು. ತನ್ನದನ್ನು ಬಿಚ್ಚಿ ಕೆಳಗಿಟ್ಟು, ಅದನ್ನು ತೊಟ್ಟು, ಗದ್ದದ ಕೆಳಗೆ ಬಿಗಿದಳು.

"ಇಳಿಸೇ! ಕಿವಿ ಕೇಳಲ್ವಾ?" ಗೇಟಿನವನು ಪಟ್ಟಿಗೆ ಕೈ ಹಾಕಿದ.

"ಎಳಿಯೋ," ಅಂದಳು. "ತಲೆ ಸಮೇತ ಬರತ್ತೆ. ಒಂದು ತಲೆ ತಗೊಂಡಿದ್ದು ಸಾಲ್ದು ತಾನೆ ನಿಮಗೆ?"

ಅವನ ಕೈ ಸಡಿಲವಾಯಿತು. ಸಾಲಿನಲ್ಲಿ ಹೆಲ್ಮೆಟ್ ಬಿಚ್ಚುತ್ತಿದ್ದ ಹೆಂಗಸರು ಬಿಚ್ಚಿದ ಪಟ್ಟಿಯನ್ನು ಮತ್ತೆ ಬಿಗಿಯತೊಡಗಿದರು. ಒಂದು ಟಕ್, ಇನ್ನೊಂದು ಟಕ್. ಗೇಟಿನಾಚೆ ಅದೇ ಲಾರಿ ಒಳಗೆ ಬರಲು ಹಾರ್ನ್ ಹೊಡೆಯುತ್ತಿತ್ತು. ಇಸ್ತ್ರಿಯಕ್ಕ ಸೈಕಲ್ಲನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಳು. ಈ ಸಲ ಬಿಡಲಿಲ್ಲ.